ಖಂಡಾಂತರದ ಹೊಗೆಯೂ ನಾಯಕನಹಟ್ಟಿ ಸೀಮೆಯ ಕಡಲೇಕಾಯಿಯೂ

ಬೇಸಾಯಗಾರನು ತನ್ನ ಹೊಲದ ಎಲ್ಲೆಯನ್ನು ಬದುವಿನಿಂದ ಗುರುತಿಸುತ್ತಾನೆ. ಮಣ್ಣು ಕೊಚ್ಚಿಹೋಗದಂತೆ ಒಡ್ಡು ಹಾಕುವುದೂ, ದನ ನುಗ್ಗದಂತೆ ಬೇಲಿ ಕಟ್ಟುವುದೂ ಅವನ ಕೈಯಲ್ಲಿರುವ ಕೆಲಸಗಳು. ಹೊಲದ ಮೇಲಣ ಗಾಳಿಗಾದರೋ ಒಡ್ಡೂ ಇಲ್ಲ, ಬೇಲಿಯೂ ಇಲ್ಲ. ಚಳ್ಳಕೆರೆ ತಾಲ್ಲೂಕು ನಾಯಕನಹಟ್ಟಿ ಸೀಮೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ ಬೀಸತಕ್ಕ ಗಾಳಿಯು ಅರಬ್ಬೀ ಸಮುದ್ರವನ್ನು ದಾಟಿ, ತನ್ನಲ್ಲಿರುವ ತೇವದ ಬಹುಭಾಗವನ್ನು ಪಶ್ಚಿಮ ಘಟ್ಟಗಳಲ್ಲಿಯೇ ಸುರಿದು, ಒಣಗಾಳಿಯಾಗಿ ಇಲ್ಲಿಗೆ ಬರುತ್ತದೆ. ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆಯೂ ನಿಶ್ಚಯವಿಲ್ಲದ ಸೀಮೆಯಿದು. ಚಳಿಗಾಲದಲ್ಲಿ ಗಾಳಿಯು ದಿಕ್ಕು ತಿರುಗಿ ಈಶಾನ್ಯ ಮತ್ತು ಪೂರ್ವದ ಕಡೆಯಿಂದ ಬೀಸುವುದು. ಯಾವ ಕಡೆಯಿಂದ ಬಂದರೂ ಅದು ಬರಿಗೈಯಲ್ಲಿ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದ ಧೂಳನ್ನೂ ಹೊಗೆಯನ್ನೂ ಕಣ್ಣಿಗೆ ಕಾಣದ ಅನಿಲಗಳನ್ನೂ ಹೊತ್ತುಕೊಂಡೇ ಬರುತ್ತದೆ. ಮಳೆಯ ಲೆಕ್ಕವನ್ನು ನಕ್ಷತ್ರವಾರಾಗಿ ಬಾಯಲ್ಲಿಟ್ಟುಕೊಂಡಿರುವ ರೈತನು ಗಾಳಿಯ ಲೆಕ್ಕವನ್ನೂ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು. ಆ ಲೆಕ್ಕವನ್ನು ಬರೆದಿಡುವ ಸ್ಥಳಗಳಲ್ಲೊಂದು ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿಯೇ ಇದೆ.

ಒಂದು ಖಂಡದಲ್ಲಿ ಮೇಲೆದ್ದದ್ದು ಮತ್ತೊಂದು ಖಂಡದ ಆಕಾಶದಲ್ಲಿ ಕಾಣಿಸಿಕೊಳ್ಳುವುದು ಹೊಸ ಸಂಗತಿಯೇನೂ ಅಲ್ಲ. 1883ನೆಯ ಇಸವಿ ಆಗಸ್ಟ್ 27ರಂದು ಜಾವಾ ಮತ್ತು ಸುಮಾತ್ರಾ ದ್ವೀಪಗಳ ನಡುವಣ ಕ್ರಕಟೋವಾ ಎಂಬ ಅಗ್ನಿಪರ್ವತವು ಸಿಡಿಯಿತು. ಸೆಪ್ಟೆಂಬರ್ ತಿಂಗಳ ಎರಡನೆಯ ವಾರದಲ್ಲಿ ಸಿಂಹಳದಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಸೂರ್ಯನು ಹಸಿರು ಬಣ್ಣವಾಗಿ ಕಂಡನು. ಜನರು ಇದನ್ನು ಕಂಡು ಬೆರಗಾದರು, ಕೆಲವರು ಭಯಪಟ್ಟರು. ಲಂಡನ್ನಿನ ರಾಯಲ್ ಸೊಸೈಟಿಯವರು ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿ, ಭೂಮಿಯ ನಾನಾ ಭಾಗಗಳಿಂದ ವರದಿಗಳನ್ನು ತರಿಸಿ, 1888ರಲ್ಲಿ ಅವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಯಾವ ಊರಿನಲ್ಲಿ ಯಾವ ದಿನ ಸೂರ್ಯನ ಬಣ್ಣವು ಕೆಟ್ಟಿತೆಂಬುದನ್ನು ಸಾಲಾಗಿ ಜೋಡಿಸಿ ನೋಡಲಾಗಿ, ಆ ಬೂದಿಯ ಮೋಡವು ಪೂರ್ವದಿಂದ ಪಶ್ಚಿಮಾಭಿಮುಖವಾಗಿ ಎರಡು ವಾರಗಳೊಳಗೆ ಭೂಮಿಯನ್ನು ಒಂದು ಸುತ್ತು ಸುತ್ತಿತ್ತೆಂದು ಗೊತ್ತಾಯಿತು. ಯಾವ ದೇಶದವರೇ ಆಗಲಿ, ತಮ್ಮ ತಮ್ಮ ಆಕಾಶವನ್ನು ಮಾತ್ರ ನೋಡಿಕೊಂಡು ಕುಳಿತಿದ್ದರೆ ಈ ಸಂಗತಿಯು ಹೊರಪಡುತ್ತಿರಲಿಲ್ಲ.

ಅಗ್ನಿಪರ್ವತವು ಎಂದೋ ಒಮ್ಮೆ ಸಿಡಿಯುವುದು. ಪ್ರತಿದಿನವೂ ಸಂಚರಿಸುವ ವಸ್ತುಗಳು ಬೇರೆ ಇವೆ. ಮೊದಲನೆಯದು ಧೂಳು. ಅರೇಬಿಯಾ ಮತ್ತು ಆಫ್ರಿಕದ ಮರುಭೂಮಿಗಳಿಂದ ಬೇಸಗೆಯಲ್ಲಿ ಏಳುವ ಧೂಳು ಕೆಲವು ಸಾವಿರ ಮೀಟರು ಎತ್ತರಕ್ಕೇರಿ ಅರಬ್ಬೀ ಸಮುದ್ರದ ಮೇಲೆ ಹರಡಿಕೊಳ್ಳುತ್ತದೆ. ಈ ಧೂಳು ಹೆಚ್ಚಾದ ಬಳಿಕ ಸುಮಾರು ಒಂದು ವಾರದೊಳಗೆ ಮಧ್ಯ ಭಾರತದ ಮುಂಗಾರು ಮಳೆಯೂ ಹೆಚ್ಚುವುದುಂಟೆಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ವಿ. ವಿನೋಜ್ ಎಂಬ ಶಾಸ್ತ್ರಜ್ಞರು ಅಮೆರಿಕದ ಸಂಗಡಿಗರೊಡನೆ 2014ರಲ್ಲಿ ಪ್ರಕಟಿಸಿದರು. ಧೂಳು ಬಿಸಿಲನ್ನು ಹೀರಿ ಮೇಲಣ ಗಾಳಿಯನ್ನು ಕಾಯಿಸುವುದರಿಂದ ತೇವದ ಗಾಳಿಯು ಬೇಗನೆ ಎಳೆಯಲ್ಪಡುವುದೇ ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ. ಎಲ್ಲಿಯೋ ಎದ್ದ ಮರಳು ಇನ್ನೆಲ್ಲಿಯೋ ಮಳೆಗೆ ಕಾರಣವಾಗುವುದೆಂದರೆ ಹಳೆಯ ಕಾಲದವರು ನಗುತ್ತಿದ್ದರು.

ಎರಡನೆಯದು ಮಸಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವದ ಕಾಲದಲ್ಲಿ ಹರಕೆಯ ಒಣಕೊಬ್ಬರಿಯನ್ನು ಸುಡುವುದನ್ನು ಕಂಡವರಿಗೆ ಕಪ್ಪು ಹೊಗೆ ಎಂದರೇನೆಂಬುದನ್ನು ಹೇಳಬೇಕಾಗಿಲ್ಲ. ಎಣ್ಣೆಯೂ ಸೌದೆಯೂ ಪೂರ್ತಿಯಾಗಿ ಉರಿಯದೆ ಹೋದಾಗ ಉಳಿಯುವ ಇಂಗಾಲದ ಅತಿ ಸೂಕ್ಷ್ಮ ಕಣಗಳೇ ಈ ಮಸಿ. ಜಾತ್ರೆಯ ಹೊಗೆಯು ವರ್ಷಕ್ಕೊಮ್ಮೆ ಎದ್ದು ಅಡಗುವುದು. ಅಡಿಗೆಯ ಒಲೆ, ಇಟ್ಟಿಗೆಯ ಗೂಡು, ಡೀಸೆಲ್ ಯಂತ್ರ, ಸುಡುವ ಕೂಳೆ ಇವುಗಳ ಹೊಗೆಯು ದಿನವೂ ಏಳುವುದು. ಮಸಿಯ ಕಣಗಳು ಗಾಳಿಯಲ್ಲಿ ಸಾಧಾರಣವಾಗಿ ಒಂದು ವಾರದಷ್ಟು ಕಾಲ ಉಳಿದು, ಅಷ್ಟರೊಳಗೆ ಒಂದು ಸಮುದ್ರವನ್ನು ದಾಟಬಲ್ಲವು. ಮೂರನೆಯದು ಓಜೋನ್. ಇದನ್ನು ಯಾರೂ ಉರಿಸುವುದಿಲ್ಲ, ಯಾವ ಚಿಮಣಿಯಿಂದಲೂ ಹೊರಡುವುದಿಲ್ಲ. ವಾಹನಗಳ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ, ಮೀಥೇನ್ ಮೊದಲಾದ ಇಂಗಾಲದ ಅನಿಲಗಳೂ ಬಿಸಿಲಿನಲ್ಲಿ ಕೂಡಿದಾಗ ಅದು ತಾನಾಗಿಯೇ ಹುಟ್ಟುತ್ತದೆ. ಬಹು ಎತ್ತರದಲ್ಲಿ ಸೂರ್ಯನ ಕ್ರೂರ ಕಿರಣಗಳನ್ನು ತಡೆದು ಉಪಕಾರ ಮಾಡುವ ಓಜೋನೇ ನೆಲದ ಮಟ್ಟದಲ್ಲಿ ಎಲೆಗಳಿಗೆ ವಿಷವಾಗುವುದು. ಮೇಲಣ ಗಾಳಿಯನ್ನು ಸೇರಿದ ಓಜೋನ್ ಕೆಲವು ವಾರಗಳವರೆಗೂ ಉಳಿಯುವುದರಿಂದ ಖಂಡದಿಂದ ಖಂಡಕ್ಕೆ ಹೋಗುವುದು ಅದಕ್ಕೆ ಕಷ್ಟವಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಆಕಾಶಕ್ಕೆ ಏರಿದ್ದು ಯಾರದೋ ಹೊಲಕ್ಕೆ ಇಳಿಯಲೇಬೇಕು.

ಈ ವಿಷಯದಲ್ಲಿ ದೇಶದೇಶಗಳ ಸಹಕಾರವು ಮೊದಲಾದುದು ರಾಜಕಾರಣದಿಂದಲ್ಲ, ಬೇಸಾಯದಿಂದಲೇ ಎಂಬುದು ಕೃಷಿಕರು ಗಮನಿಸತಕ್ಕ ಸಂಗತಿ. 1940ರ ದಶಕದಲ್ಲಿ ಸ್ವೀಡನ್ ದೇಶದ ಹಾನ್ಸ್ ಎಗ್ನೇರ್ ಎಂಬ ಕೃಷಿಶಾಸ್ತ್ರಜ್ಞರು, ಮಳೆಯ ನೀರಿನೊಂದಿಗೆ ಹೊಲಕ್ಕೆ ಎಷ್ಟು ಗೊಬ್ಬರಾಂಶವು ಪುಕ್ಕಟೆಯಾಗಿ ದೊರೆಯುವುದೆಂದು ತಿಳಿಯುವುದಕ್ಕಾಗಿ ಅಲ್ಲಲ್ಲಿ ಮಳೆನೀರನ್ನು ಹಿಡಿದು ಪರೀಕ್ಷಿಸುವ ಏರ್ಪಾಡನ್ನು ಮಾಡಿದರು. ಕ್ರಮೇಣ ನೆರೆದೇಶಗಳೂ ಅದಕ್ಕೆ ಸೇರಿಕೊಂಡವು. ವರ್ಷಗಳ ಲೆಕ್ಕವು ಕೂಡಿಬಂದಾಗ ಕಂಡದ್ದು ಗೊಬ್ಬರವಷ್ಟೇ ಅಲ್ಲ. ಮಳೆಯ ನೀರು ವರ್ಷೇ ವರ್ಷೇ ಹುಳಿಯಾಗುತ್ತಿದ್ದಿತು. ಉಪ್ಸಾಲಾದ ಕೃಷಿ ಕಾಲೇಜಿನ ಮಣ್ಣಿನ ಶಾಸ್ತ್ರಜ್ಞರಾದ ಸ್ವಾಂಟೆ ಓಡೆನ್ ಎಂಬವರು ಈ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ, ಬ್ರಿಟನ್ನಿನ ಮತ್ತು ಮಧ್ಯ ಯೂರೋಪಿನ ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕವೇ ಸ್ವೀಡನ್ನಿನ ಕೆರೆಗಳನ್ನು ಕೆಡಿಸುತ್ತಿದೆಯೆಂದು 1967ರಲ್ಲಿ ಒಂದು ದಿನಪತ್ರಿಕೆಯಲ್ಲಿ ಬರೆದರು. ಹೊಗೆಯನ್ನು ಬಿಟ್ಟವರು ಒಪ್ಪಲಿಲ್ಲ. ಊರಿನ ಮೇಲಣ ಹೊಗೆ ಕಡಮೆಯಾಗಲೆಂದು ಚಿಮಣಿಗಳನ್ನು ಎತ್ತರಿಸಿದವರು, ಆ ಹೊಗೆ ಎಲ್ಲಿ ಹೋಗುವುದೆಂಬುದನ್ನು ಯೋಚಿಸಿರಲಿಲ್ಲ.

ವಾದವನ್ನು ತೀರಿಸಿದ್ದು ಮತ್ತೊಮ್ಮೆ ಕೂಡುಲೆಕ್ಕವೇ. 1972ರಿಂದ 1977ರ ವರೆಗೆ ಹಲವು ದೇಶಗಳವರು ಸೇರಿ ಅಳೆದು ನೋಡಲಾಗಿ, ಕೆಲವು ದೇಶಗಳ ನೆಲಕ್ಕೆ ಇಳಿಯುವ ಗಂಧಕದಲ್ಲಿ ಸ್ವಂತದ್ದಕ್ಕಿಂತ ಪರದೇಶದ್ದೇ ಹೆಚ್ಚೆಂದು ಸ್ಥಿರಪಟ್ಟಿತು. 1979ನೆಯ ಇಸವಿ ನವೆಂಬರ್ 13ರಂದು ಜಿನೀವಾ ನಗರದಲ್ಲಿ, ಗಡಿ ದಾಟಿ ದೂರ ಸಂಚರಿಸುವ ವಾಯುಮಾಲಿನ್ಯವನ್ನು ಕುರಿತ ಒಡಂಬಡಿಕೆಗೆ ರುಜುವಾಯಿತು. ಆಗ ಯೂರೋಪು ಎರಡು ಪಂಗಡಗಳಾಗಿ ಒಡೆದು ಪರಸ್ಪರ ಸಂಶಯದಿಂದ ನೋಡುತ್ತಿದ್ದ ಕಾಲ. ಹಾಗಿದ್ದರೂ ಎರಡು ಕಡೆಯವರೂ ಒಂದೇ ಅಳತೆಯ ಪುಸ್ತಕಕ್ಕೆ ಅಂಕಿಗಳನ್ನು ಬರೆದರು. ಗಂಧಕವನ್ನು 1980ರ ಮಟ್ಟಕ್ಕಿಂತ ಶೇಕಡ 30ರಷ್ಟು 1993ರೊಳಗೆ ಇಳಿಸತಕ್ಕದ್ದೆಂದು 1985ರಲ್ಲಿ ಹೆಲ್ಸಿಂಕಿಯಲ್ಲಿ ನಿಯಮವಾಯಿತು. ಅದು ಕಾಗದದಲ್ಲಿಯೇ ಉಳಿಯದೆ ನೆರವೇರಿತು.

ಇನ್ನು ಭಾರತದ ಕಡೆಗೆ ಬರಬಹುದು. 1999ನೆಯ ಇಸವಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಭಾರತ, ಅಮೆರಿಕ, ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳ ಶಾಸ್ತ್ರಜ್ಞರು ಹಡಗುಗಳಿಂದಲೂ ವಿಮಾನಗಳಿಂದಲೂ ಮಾಲ್ದೀವ್ ದ್ವೀಪಗಳ ಒಂದು ನೆಲೆಯಿಂದಲೂ ಹಿಂದೂ ಮಹಾಸಾಗರದ ಮೇಲಣ ಗಾಳಿಯನ್ನು ಪರಿಶೋಧಿಸಿದರು. ಇದರ ಮುಖಂಡರಲ್ಲಿ ಒಬ್ಬರಾದ ವಿ. ರಾಮನಾಥನ್ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು. ಇನ್ನೊಬ್ಬರು ಓಜೋನ್ ಕುರಿತ ಕೆಲಸಕ್ಕಾಗಿ ನೊಬೆಲ್ ಬಹುಮಾನ ಪಡೆದಿದ್ದ ಪಾಲ್ ಕ್ರುಟ್ಜನ್ ಅವರು. ನಿರ್ಮಲವೆಂದು ಭಾವಿಸಲಾಗಿದ್ದ ಸಮುದ್ರದ ಮೇಲೆ ಸುಮಾರು ಮೂರು ಕಿಲೋಮೀಟರು ದಪ್ಪನಾದ ಕಂದು ಬಣ್ಣದ ಮಬ್ಬು ಕವಿದಿತ್ತು. ಅದು ನೆಲಕ್ಕೂ ನೀರಿಗೂ ಬೀಳತಕ್ಕ ಬಿಸಿಲನ್ನು ಗಣನೀಯವಾಗಿ ತಡೆಯುತ್ತಿದ್ದಿತು.

ಇದನ್ನು ಆಧರಿಸಿ 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಶಾಖೆಯವರು ಹೊರಡಿಸಿದ ವರದಿಯಲ್ಲಿ ಆ ಮಬ್ಬಿಗೆ ಏಷ್ಯಾದ ಹೆಸರನ್ನು ಅಂಟಿಸಿದ್ದರಿಂದ ಭಾರತದಲ್ಲಿ ದೊಡ್ಡ ಆಕ್ಷೇಪಣೆ ಹುಟ್ಟಿತು. ಒಂದೆರಡು ತಿಂಗಳ ಅಳತೆಯಿಂದ ಒಂದು ಖಂಡವನ್ನೇ ಅಪರಾಧಿಯಾಗಿ ನಿಲ್ಲಿಸುವುದು ನ್ಯಾಯವಲ್ಲವೆಂದೂ, ಇಂಥ ಮಬ್ಬು ಬೇರೆ ಖಂಡಗಳ ಮೇಲೂ ಇದೆಯೆಂದೂ ಇಲ್ಲಿನ ಶಾಸ್ತ್ರಜ್ಞರು ವಾದಿಸಿದರು. ಕಡೆಗೆ ಏಷ್ಯಾದ ಹೆಸರನ್ನು ತೆಗೆದು ‘ವಾಯುಮಂಡಲದ ಕಂದು ಮೋಡ’ ಎಂದು ಮಾತ್ರ ಕರೆಯಲಾಯಿತು. ಈ ಆಕ್ಷೇಪಣೆಯು ಬರಿಯ ಅಭಿಮಾನದ ಮಾತಾಗಿರಲಿಲ್ಲ. ನೂರಾರು ವರ್ಷ ಕಲ್ಲಿದ್ದಲನ್ನು ಸುಟ್ಟು ಸಂಪನ್ನರಾದವರು ಹಳ್ಳಿಯ ಒಲೆಯ ಕಡೆಗೆ ಬೆರಳು ತೋರಿಸಿದರೆ ಕೇಳುವವರಿಗೆ ನೋವಾಗುವುದು ಸಹಜ. ಆದರೆ ಹೆಸರು ಬದಲಾದ ಮಾತ್ರಕ್ಕೆ ಮಸಿಯು ಬಿಳಿಯಾಗಲಿಲ್ಲವೆಂಬುದನ್ನೂ ಹೇಳಬೇಕು. ಅಡಿಗೆಯ ಸೌದೆ, ಬೆರಣಿಗಳ ಹೊಗೆಯೇ ಭಾರತದ ಮಸಿಗೆ ಎಲ್ಲಕ್ಕಿಂತ ದೊಡ್ಡ ಮೂಲವೆಂದು ಮುಂಬಯಿಯ ಐ.ಐ.ಟಿ.ಯ ಚಂದ್ರಾ ವೆಂಕಟರಾಮನ್ ಮತ್ತು ಅವರ ಸಂಗಡಿಗರು 2005ರಲ್ಲಿ ಇಲ್ಲಿನ ಅಳತೆಗಳಿಂದಲೇ ತೋರಿಸಿದರು. ಆ ಹೊಗೆಯನ್ನು ಮೊದಲು ಉಣ್ಣುವವಳು ಒಲೆಯ ಮುಂದಿರುವ ಹೆಂಗಸು. ಪರದೇಶದವರ ಸರದಿ ಆಮೇಲಿನದು.

ದಕ್ಷಿಣ ಏಷ್ಯಾದ ದೇಶಗಳು ತಮ್ಮೊಳಗೆ 1998ರಲ್ಲಿ ಮಾಲೆ ಘೋಷಣೆಯೆಂಬ ಒಪ್ಪಂದವನ್ನು ಮಾಡಿಕೊಂಡಿದ್ದವು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ದೀವ್, ಇರಾನ್ ಇವು ಇದರಲ್ಲಿ ಸೇರಿದ ದೇಶಗಳು. ಜಿನೀವಾದ ಒಡಂಬಡಿಕೆಗೆ ಭಾರತವು ಸೇರಿಲ್ಲ. ಆದರೂ 2004ರಲ್ಲಿ ಆ ಒಡಂಬಡಿಕೆಯವರು ಖಂಡದಿಂದ ಖಂಡಕ್ಕೆ ಸಾಗುವ ಮಾಲಿನ್ಯದ ವಿಚಾರಕ್ಕಾಗಿಯೇ ಒಂದು ಕಾರ್ಯಪಡೆಯನ್ನು ಏರ್ಪಡಿಸಿ, ಸದಸ್ಯರಲ್ಲದ ದೇಶಗಳ ಶಾಸ್ತ್ರಜ್ಞರಿಗೂ ಬಾಗಿಲನ್ನು ತೆರೆದಿಟ್ಟರು. ಅವರ ಮುಖ್ಯ ಪ್ರಯೋಗವು ಸರಳವಾದದ್ದು. ಉತ್ತರ ಅಮೆರಿಕ, ಯೂರೋಪು, ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ ಎಂಬ ನಾಲ್ಕು ಭಾಗಗಳಲ್ಲಿ ಒಂದೊಂದರ ಹೊಗೆಯನ್ನು ಶೇಕಡ 20ರಷ್ಟು ಇಳಿಸಿದರೆ ಉಳಿದ ಭಾಗಗಳ ಗಾಳಿಯು ಎಷ್ಟು ಶುದ್ಧವಾಗುವುದೆಂದು, ಹಲವು ದೇಶಗಳ ಗಣಕಯಂತ್ರಗಳಲ್ಲಿ ಒಂದೇ ಪ್ರಶ್ನೆಯನ್ನು ಇಟ್ಟು ಲೆಕ್ಕಹಾಕಿಸಿದರು. 2010ರಲ್ಲಿ ಹೊರಬಿದ್ದ ಉತ್ತರದ ಸಾರಾಂಶವಿಷ್ಟು: ಮಸಿಯಂತಹ ಕಣಗಳ ವಿಷಯದಲ್ಲಿ ನೆಲಮಟ್ಟದ ಗಾಳಿಯನ್ನು ಕೆಡಿಸುವುದು ಬಹುಮಟ್ಟಿಗೆ ಸ್ವಂತ ಸೀಮೆಯ ಹೊಗೆಯೇ. ಓಜೋನಿನ ವಿಷಯದಲ್ಲಿ ಮಾತ್ರ ಮನೆಯವರ ಪಾಲಿನೊಂದಿಗೆ ಹೊರಗಿನವರ ಪಾಲೂ ಲೆಕ್ಕಕ್ಕೆ ಬರುವಷ್ಟು ಇದೆ. ಮೀಥೇನನ್ನಂತೂ ಎಲ್ಲಿ ಇಳಿಸಿದರೂ ಎಲ್ಲರಿಗೂ ಲಾಭ, ಏಕೆಂದರೆ ಅದು ಗಾಳಿಯಲ್ಲಿ ಹತ್ತು ವರ್ಷದ ಸುಮಾರಿಗೆ ಉಳಿದು ಇಡೀ ಭೂಗೋಳವನ್ನು ವ್ಯಾಪಿಸುವುದು.

ಗಣಕಯಂತ್ರದ ಲೆಕ್ಕವು ಎಷ್ಟೇ ಚೆನ್ನಾಗಿದ್ದರೂ ನೆಲದ ಮೇಲೆ ಅಳೆದ ಅಂಕಿಯೊಡನೆ ತಾಳೆ ನೋಡದೆ ನಂಬುವಂತಿಲ್ಲ. ಕುದಾಪುರದ ಪ್ರಯೋಜನವು ಇರುವುದು ಇಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಕುದಾಪುರದಲ್ಲಿ 1,500 ಎಕರೆಯ ಎರಡನೆಯ ಆವರಣವಿದ್ದು, ಅಲ್ಲಿ ಆ ಸಂಸ್ಥೆಯ ದಿವೇಚಾ ಹವಾಗುಣ ಕೇಂದ್ರದವರು ಒಂದು ವೀಕ್ಷಣಾಲಯವನ್ನು ಸ್ಥಾಪಿಸಿದ್ದಾರೆ. ಆ ಕೇಂದ್ರವು 2009ರಲ್ಲಿ ದಾನಿಗಳ ಸಹಾಯದಿಂದ ಆರಂಭವಾಗಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ರಾಂಥಮ್ ಸಂಸ್ಥೆಯೊಡನೆ ಸಂಬಂಧವನ್ನು ಇಟ್ಟುಕೊಂಡಿದೆ. ಹಿಂದೂ ಮಹಾಸಾಗರದ ಪರಿಶೋಧನೆಯ ಅಂಕಿಗಳ ಮೇಲೆ ರಾಮನಾಥನ್ ಅವರೊಡನೆ ಕೆಲಸ ಮಾಡಿದ್ದ ಎಸ್. ಕೆ. ಸತೀಶ್ ಅವರು ಈ ಸಂಸ್ಥೆಯ ಪ್ರಾಧ್ಯಾಪಕರು. ದೊಡ್ಡ ನಗರವಾಗಲಿ ಕಾರ್ಖಾನೆಗಳ ಸಾಲಾಗಲಿ ಹತ್ತಿರವಿಲ್ಲದ ಕಾರಣ, ಇಲ್ಲಿನ ಗಾಳಿಯಲ್ಲಿ ಸಿಕ್ಕುವುದು ಒಂದು ಬೀದಿಯ ಹೊಗೆಯಲ್ಲ, ಒಂದು ಪ್ರದೇಶದ ಹೊಗೆ. ರೋಗಿಯ ನಾಡಿಯನ್ನು ಓಡಿಬಂದ ಕೂಡಲೆ ನೋಡದೆ ವಿಶ್ರಾಂತಿಯ ಬಳಿಕ ನೋಡುವುದಿಲ್ಲವೇ, ಹಾಗೆ.

ಇಂಥ ವೀಕ್ಷಣಾಲಯಗಳಲ್ಲಿ ಬಳಸುವ ಯಂತ್ರಗಳ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಮಸಿಯನ್ನು ಅಳೆಯಲು, ಬಿಳಿಯ ಪಟ್ಟಿಯೊಂದರ ಮೂಲಕ ಗೊತ್ತಾದಷ್ಟು ಗಾಳಿಯನ್ನು ಎಳೆಸುತ್ತಾರೆ. ಪಟ್ಟಿಯು ಕಪ್ಪಾದಷ್ಟೂ ಅದನ್ನು ಹಾಯುವ ಬೆಳಕು ಕಡಮೆಯಾಗುವುದು, ಆ ಕೊರತೆಯೇ ಮಸಿಯ ತೂಕಕ್ಕೆ ಲೆಕ್ಕ. ಓಜೋನನ್ನು ಅದು ಹೀರಿಕೊಳ್ಳುವ ಅತಿನೇರಳೆ ಬೆಳಕಿನಿಂದ ಗುರುತಿಸುತ್ತಾರೆ. ಲೇಸರ್ ಬೆಳಕನ್ನು ಆಕಾಶಕ್ಕೆ ಬಿಟ್ಟು, ಅದು ಧೂಳಿನ ಪದರಕ್ಕೆ ತಗಲಿ ಹಿಂದಿರುಗುವ ಕಾಲವನ್ನು ಎಣಿಸಿದರೆ ಆ ಪದರವು ಎಷ್ಟು ಎತ್ತರದಲ್ಲಿದೆಯೆಂದು ಗೊತ್ತಾಗುವುದು. ಬಾವಿಗೆ ಕಲ್ಲೆಸೆದು ಸದ್ದು ಕೇಳಿ ಆಳವನ್ನು ಊಹಿಸುವ ಉಪಾಯವೇ ಇದು. ಭಾರತದ ಬಾಹ್ಯಾಕಾಶ ಸಂಸ್ಥೆಯವರೂ ದೇಶದ ನಾನಾ ಕಡೆಗಳಲ್ಲಿ ಇಂಥ ಅಳತೆಯ ನೆಲೆಗಳ ಜಾಲವನ್ನು ನಡೆಸುತ್ತಿದ್ದಾರೆ. 2016ರ ಮುಂಗಾರಿನಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನವೊಂದು ಉಭಯ ಸರ್ಕಾರಗಳ ಏರ್ಪಾಡಿನ ಮೇರೆಗೆ ಲಖನೌದಿಂದಲೂ ಬೆಂಗಳೂರಿನಿಂದಲೂ ಹಾರಿ, ಗಂಗೆಯ ಬಯಲಿನ ಹೊಗೆಯನ್ನೂ ಪಶ್ಚಿಮ ಘಟ್ಟದ ಮಳೆನೆರಳಿನ ಗಾಳಿಯನ್ನೂ ಅಳೆಯಿತು. ಆ ಮಳೆನೆರಳಿನ ಸೀಮೆಗೆ ಚಳ್ಳಕೆರೆ, ಮೊಳಕಾಲ್ಮೂರುಗಳು ಸೇರಿದುವು.

ಇಲ್ಲಿ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಕುದಾಪುರದ ನೆಲವು ಅಮೃತಮಹಲ್ ಕಾವಲಿನದು. ಮೈಸೂರು ಅರಸರ ಕಾಲದಿಂದ ದನಕರುಗಳಿಗೆ ಮೀಸಲಾಗಿ ಬಂದ ಈ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆಯಷ್ಟು 2008ರಿಂದ ಮುಂದಣ ಕೆಲವು ವರ್ಷಗಳಲ್ಲಿ ವಿಜ್ಞಾನ, ರಕ್ಷಣೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಡಲ್ಪಟ್ಟಿತು. ಮ್ಯಾಸನಾಯಕರ ದೇವರ ಎತ್ತುಗಳಿಗೂ ಕುರುಬರ ಕುರಿಗಳಿಗೂ ಆಧಾರವಾಗಿದ್ದ ನೆಲಕ್ಕೆ ಬೇಲಿ, ಗೋಡೆಗಳು ಬಂದುವು. ವ್ಯಾಜ್ಯವು ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಹುಲ್ಲನ್ನು ಬಿಟ್ಟುಕೊಟ್ಟ ಊರಿನವರಿಗೆ ಆ ಬೇಲಿಯ ಒಳಗೆ ಸಂಗ್ರಹವಾಗುವ ತಿಳಿವಳಿಕೆಯಲ್ಲಿ ಪಾಲು ಇರುವುದು ನ್ಯಾಯವಾಗಿ ತೋರುತ್ತದೆ. ಈಗ ಆ ಅಂಕಿಗಳು ಇಂಗ್ಲಿಷಿನ ಶಾಸ್ತ್ರಪತ್ರಿಕೆಗಳಲ್ಲಿ ಅಚ್ಚಾಗಿ ಲಂಡನ್ನಿಗೂ ಬೋಸ್ಟನ್ನಿಗೂ ತಲಪುವಷ್ಟು ಸುಲಭವಾಗಿ ಪಕ್ಕದ ಹಳ್ಳಿಗಳಿಗೆ ತಲಪುತ್ತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಶುದ್ಧ ಗಾಳಿಯ ಯೋಜನೆಯೂ ನಗರಗಳದ್ದೇ. ಕರ್ನಾಟಕದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವುಗಳಿಗೆ ಅದು ಅನ್ವಯಿಸುವುದು. ಹೊಲದ ಮೇಲಣ ಗಾಳಿಯನ್ನು ಯಾರೂ ಪಟ್ಟಿಗೆ ಸೇರಿಸಿಲ್ಲ.

ಬೆಳೆಗೆ ಇದರಿಂದ ಏನು ನಷ್ಟವೆಂದು ಕೇಳಬಹುದು. ಮಬ್ಬಿನಿಂದಾಗುವ ನಷ್ಟವು ಮಳೆಯ ಮತ್ತು ಬಿಸಿಲಿನ ಮೂಲಕ ಆಗತಕ್ಕದ್ದು. ಕಂದು ಮೋಡವೂ ಭೂಮಿಯ ಬಿಸಿಯೂ ಸೇರಿ ಭಾರತದಲ್ಲಿ ಬತ್ತದ ಫಸಲನ್ನು ಕುಗ್ಗಿಸಿದವೆಂದು 2006ರಲ್ಲಿ ರಾಮನಾಥನ್ ಮತ್ತು ಸಂಗಡಿಗರು ಲೆಕ್ಕ ತೋರಿಸಿದರು. ಮಸಿಯು ಮುಂಗಾರನ್ನು ಕುಂದಿಸುವುದೋ ಅಥವಾ ಹಿಮಾಲಯದ ಕಡೆಗೆ ಬೇಗ ಎಳೆಯುವುದೋ ಎಂಬಲ್ಲಿ ಮಾತ್ರ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಓಜೋನಿನ ನಷ್ಟವು ನೇರವಾದದ್ದು. ಎಲೆಯ ಉಸಿರುರಂಧ್ರಗಳ ಮೂಲಕ ಒಳಹೊಕ್ಕು ಅದು ಹಸಿರನ್ನು ಕೆಡಿಸುತ್ತದೆ. ಎಲೆಯು ಅಕಾಲದಲ್ಲಿ ಮುಪ್ಪಾಗಿ ಕಾಯಿಗೆ ಹೋಗಬೇಕಾದ ಆಹಾರವು ಕಡಮೆಯಾಗುತ್ತದೆ. ಹಗಲಿನಲ್ಲಿ ಗಾಳಿಯ ನೂರು ಕೋಟಿ ಭಾಗಗಳಿಗೆ ಓಜೋನ್ 40 ಭಾಗವನ್ನು ಮೀರಿದ ಪ್ರಮಾಣವನ್ನು ಗಂಟೆಗಂಟೆಗೂ ಕೂಡಿಸಿ ಹಾನಿಯನ್ನು ಅಂದಾಜು ಮಾಡುವುದು ಯೂರೋಪಿನಲ್ಲಿ ಬಳಕೆಗೆ ಬಂದ ಕ್ರಮ. ಈ ಕ್ರಮದಿಂದಲೇ ಪುಣೆಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆಯವರು ಅಮೆರಿಕದ ಸಹೋದ್ಯೋಗಿಗಳೊಡನೆ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2005ರ ಒಂದೇ ವರ್ಷದಲ್ಲಿ ಭಾರತಕ್ಕೆ ಸುಮಾರು 35 ಲಕ್ಷ ಟನ್ ಗೋಧಿಯೂ 21 ಲಕ್ಷ ಟನ್ ಅಕ್ಕಿಯೂ ಓಜೋನಿನಿಂದ ನಷ್ಟವಾದುವು.

ಆ ಲೆಕ್ಕದಲ್ಲಿ ಕಡಲೇಕಾಯಿ ಇಲ್ಲ. ಆದರೆ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ತೆರೆದ ಬಾಯಿಯ ಗೂಡುಗಳೊಳಗೆ ಕಡಲೇಕಾಯಿಯನ್ನು ಬೆಳೆದು, 2007ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಓಜೋನ್ ಹೆಚ್ಚಿದಂತೆ ಇಳುವರಿಯು ಇಳಿಯುವುದೆಂದು ಸ್ಪಷ್ಟವಾಗಿದೆ. ನಾಯಕನಹಟ್ಟಿ ಸೀಮೆಗೆ ಇದನ್ನು ಹೊಂದಿಸುವಾಗ ಕಾಲವನ್ನು ವಿಚಾರಿಸಬೇಕು. ದಕ್ಷಿಣ ಭಾರತದಲ್ಲಿ ಮುಂಗಾರಿನ ಗಾಳಿಯು ಸಮುದ್ರದಿಂದ ಬರುವುದರಿಂದಲೂ ಮೋಡದಿಂದ ಬಿಸಿಲು ಮಂದವಾಗುವುದರಿಂದಲೂ ಆಗ ಓಜೋನ್ ಕಡಮೆ. ಆದುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ಬಿತ್ತುವ ಮಳೆಯಾಶ್ರಿತ ಕಡಲೇಕಾಯಿಗೆ ಓಜೋನಿನ ಭಯ ಹೆಚ್ಚಲ್ಲ. ಅದರ ಶತ್ರು ಬರವೇ. ಬರದಲ್ಲಿ ಗಿಡವು ನೀರನ್ನು ಉಳಿಸುವುದಕ್ಕಾಗಿ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುವಾಗ ವಿಷವನ್ನೂ ಹೊರಗಿಟ್ಟಂತಾಗುವುದು. ಕೊಳವೆಬಾವಿಯ ನೀರಿನಿಂದ ಜನವರಿಯಿಂದ ಮೇ ವರೆಗೆ ಬೆಳೆಯುವ ಬೇಸಗೆಯ ಕಡಲೇಕಾಯಿಯ ಸ್ಥಿತಿಯು ಬೇರೆ. ಬಿಸಿಲು ಬಲವಾಗಿರುವುದು, ಗಾಳಿಯು ಭೂಭಾಗದ ಮೇಲಿಂದ ಬರುವುದು, ನೀರು ಸಿಕ್ಕಿರುವುದರಿಂದ ಎಲೆಯ ರಂಧ್ರಗಳೂ ತೆರೆದಿರುವುವು. ಸಾಲ ಮಾಡಿ ಬಾವಿ ಕೊರೆಸಿದವನ ಬೆಳೆಗೇ ಈ ಅಪಾಯ ಹೆಚ್ಚು. ಎಲೆ ಉದುರಿದರೆ ಕಾಯಿಯೊಂದಿಗೆ ದನಗಳ ಮೇವಾದ ಬಳ್ಳಿಯೂ ಹೋಗುವುದು.

ಎಲೆಯ ಮೇಲಣ ಗುರುತನ್ನು ಟಿಕ್ಕಾ ರೋಗವೆಂದು ತಪ್ಪಾಗಿ ತಿಳಿದು ಔಷಧಿಗೆ ಹಣ ಸುರಿಯುವ ಸಂಭವವುಂಟು. ಟಿಕ್ಕಾ ಚುಕ್ಕೆಗಳು ದುಂಡಾಗಿ, ಒಂದೊಂದೂ ಬೇರೆಬೇರೆಯಾಗಿ ಕಾಣುವುವು. ಮೊದಲು ಬರುವ ಬಗೆಗೆ ಸುತ್ತಲೂ ಹಳದಿಯ ಉಂಗುರವಿರುವುದು, ತಡವಾಗಿ ಬರುವ ಬಗೆಯು ಎಲೆಯ ತಳಭಾಗದಲ್ಲಿ ಕಪ್ಪಾಗಿರುವುದು. ಓಜೋನಿನ ಗುರುತಾದರೋ ಸಾಸಿವೆಗಿಂತಲೂ ಸಣ್ಣ ಕಂದು ಅಥವಾ ಬಿಳಿಚಿದ ಚುಕ್ಕೆಗಳ ಸಮೂಹ. ಅವು ಹಳೆಯ ಎಲೆಗಳ ಮೇಲ್ಭಾಗದಲ್ಲಿ, ನರಗಳನ್ನು ಬಿಟ್ಟು ನಡುನಡುವೆ ತೋರುವುವು. ತಳಭಾಗವು ಮೊದಮೊದಲು ಶುದ್ಧವಾಗಿಯೇ ಇರುವುದು. ನುಸಿಯ ಬಾಧೆಯೂ ಸ್ವಲ್ಪ ಹೀಗೆಯೇ ಕಾಣುವುದರಿಂದ ಎಲೆಯ ತಳವನ್ನು ಭೂತಗನ್ನಡಿಯಿಂದ ನೋಡಿ ನುಸಿಯಿಲ್ಲವೆಂದು ನಿಶ್ಚಯಿಸಿಕೊಳ್ಳತಕ್ಕದ್ದು. ಓಜೋನಿಗೆ ಸಿಂಪಡಿಸುವ ಔಷಧಿಯಿಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಪ್ರಯೋಗಗಳಲ್ಲಿ ಬಳಸಿದ ಎಥಿಲೀನ್ ಡೈಯೂರಿಯಾ ಎಂಬ ವಸ್ತುವು ನಷ್ಟವನ್ನು ಅಳೆಯುವ ಸಾಧನವೇ ಹೊರತು ರೈತರು ಕೊಳ್ಳತಕ್ಕ ಸರಕಲ್ಲ.

ಅಳತೆಯ ಯಂತ್ರವಿಲ್ಲದೆಯೂ ಓಜೋನನ್ನು ಪರೀಕ್ಷಿಸುವ ಒಂದು ಉಪಾಯವು ಜಿನೀವಾದ ಒಡಂಬಡಿಕೆಯ ಕೆಳಗೆ ಸಸ್ಯಗಳಿಗಾಗಿ ಏರ್ಪಟ್ಟ, ವೇಲ್ಸಿನ ಬ್ಯಾಂಗರ್ ಊರಿನಲ್ಲಿ ಕಚೇರಿಯುಳ್ಳ ಶಾಖೆಯವರಿಂದ 2008ರಿಂದ ರೂಢಿಗೆ ಬಂತು. ಓಜೋನಿಗೆ ಬೇಗ ಬಾಡುವ ಒಂದು ತಳಿಯ ಹುರುಳಿಕಾಯಿ ಗಿಡವನ್ನೂ ತಾಳಿಕೊಳ್ಳುವ ಇನ್ನೊಂದು ತಳಿಯನ್ನೂ ಅಕ್ಕಪಕ್ಕದಲ್ಲಿ ಬೆಳೆದು, ಎರಡರ ಕಾಯಿಗಳ ತೂಕವನ್ನು ಹೋಲಿಸುವುದೇ ಆ ಉಪಾಯ. ನೀರು, ಮಣ್ಣು, ಬಿಸಿಲು ಎರಡಕ್ಕೂ ಒಂದೇ ಆಗಿರುವುದರಿಂದ, ಹೆಚ್ಚಿನ ವ್ಯತ್ಯಾಸಕ್ಕೆ ಗಾಳಿಯೇ ಹೊಣೆ. ಕುದಾಪುರದ ಆವರಣದಲ್ಲಿ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರಿಗೆ ಶಿಕ್ಷಣ ಕೊಡುವ ಏರ್ಪಾಡೂ ಇದೆ. ಆ ಉಪಾಧ್ಯಾಯರ ಮೂಲಕ ಇಂಥ ಎರಡು ಮಡಿಗಳು ಶಾಲೆಯ ಹಿತ್ತಿಲಿಗೆ ಬಂದರೆ ಹೆಚ್ಚಿನ ವೆಚ್ಚವೇನೂ ತಗಲದು; ಯಂತ್ರದ ಅಂಕಿಯನ್ನೂ ಹಿತ್ತಿಲ ತೂಕವನ್ನೂ ಒಂದೇ ಊರಿನಲ್ಲಿ ತಾಳೆ ನೋಡುವ ಸೌಕರ್ಯವು ಬೇರೆ ಕಡೆಗಳಲ್ಲಿ ಅಷ್ಟಾಗಿ ದೊರೆಯತಕ್ಕದ್ದಲ್ಲ.

ಪರದೇಶದ ಹೊಗೆಯನ್ನು ತಡೆಯುವುದು ರೈತನಿಂದಾಗದು. ತನ್ನ ಸೀಮೆಯ ಹೊಗೆಯ ವಿಷಯದಲ್ಲಿ ಅವನಿಗೆ ಮಾಡಲು ಕೆಲಸವಿದೆ. ಬೇಸಗೆಯಲ್ಲಿ ಬದುವಿನ ಹುಲ್ಲು, ಮುಸುಕಿನ ಜೋಳದ ಕೂಳೆ, ಈರುಳ್ಳಿಯ ಕಸ ಇವುಗಳಿಗೆ ಬೆಂಕಿಯಿಡುವುದು ನಿಲ್ಲಬೇಕು. ಇಂಥ ಬೆಂಕಿಯ ಹೊಗೆಯಿಂದ ಮಸಿಯೂ ಓಜೋನಿಗೆ ಬೇಕಾದ ಅನಿಲಗಳೂ ಒಟ್ಟಿಗೆ ಏಳುವುವು, ಅದೂ ಬಿಸಿಲು ಬಲವಾಗಿರುವಾಗಲೇ. ಅದೇ ಕಸವನ್ನು ಗುಂಡಿಗೆ ಹಾಕಿ ಸಗಣಿಯ ಬಗ್ಗಡ ಚಿಮುಕಿಸಿ ಕೊಳೆಸಿದರೆ ಚಳ್ಳಕೆರೆಯ ಬಡ ಕೆಂಪುನೆಲಕ್ಕೆ ಸಾರವಾಗುವುದು. ಬೇಸಗೆಯ ಕಡಲೇಕಾಯಿಯಲ್ಲಿ ಮೇಲೆ ಹೇಳಿದ ಚುಕ್ಕೆಗಳು ಕಂಡರೆ, ಹತ್ತು ಗಿಡಗಳಿಂದ ಒಂದೊಂದು ಹಳೆಯ ಎಲೆಯನ್ನೂ ಒಂದೊಂದು ಎಳೆಯ ಎಲೆಯನ್ನೂ ಕಿತ್ತು, ಹಳೆಯ ಕಾಗದದ ಪುಟಗಳ ನಡುವೆ ಚಪ್ಪಟೆಯಾಗಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಹಿರಿಯೂರಿನ ಬಬ್ಬೂರು ಫಾರಮಿನ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ಯತಕ್ಕದ್ದು. ಬಿತ್ತಿದ ದಿನ, ಊಡು ಇಳಿದ ದಿನ, ನೀರು ಕೊಟ್ಟ ದಿನಗಳು, ಚುಕ್ಕೆಯು ಮೊದಲು ಕಂಡ ದಿನ ಮತ್ತು ಆಗ ಗಾಳಿಯು ಬೀಸುತ್ತಿದ್ದ ದಿಕ್ಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎಲೆಗಳೊಡನೆ ಇಡತಕ್ಕದ್ದು.